ವಿಶಲ್ ಊದುವವರಿಗೆ ಕೂಲಿ ಎಷ್ಟು? ಫುಟ್‌ಬಾಲ್ ರೆಫರಿಗಳ ತಪ್ಪು, ಸಂಬಳ ಮತ್ತು ಜಗಳ

ನವೆಂಬರಿನ ಒಂದು ಭಾನುವಾರ. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ ಒಂದು ಶಾಲೆಯ ಮೈದಾನ. ಒಂದು ಬದಿಗೆ ಕಾಫಿ ತೋಟ, ಬೇಲಿಯುದ್ದಕ್ಕೂ ಸಿಲ್ವರ್ ಓಕ್ ಸಾಲು. ಸೆಮಿಫೈನಲ್ ನಡೆಯುತ್ತಿತ್ತು. ಎರಡನೇ ಅರ್ಧದಲ್ಲಿ ಹಸಿರು ಜೆರ್ಸಿಯ ಹುಡುಗ ಚೆಂಡು ಹಿಡಿದು ಒಬ್ಬನೇ ನುಗ್ಗಿದ, ಗೋಲು ಹೊಡೆದ. ಅಷ್ಟರಲ್ಲಿ ಲೈನ್ಸ್‌ಮನ್ ಬಾವುಟ ಎತ್ತಿಯಾಗಿತ್ತು. ಬಾವುಟ ಅಂದರೆ ಬಿದಿರು ಕಡ್ಡಿಗೆ ಕಟ್ಟಿದ ಕೆಂಪು ಬಟ್ಟೆ. ರೆಫರಿ ವಿಶಲ್ ಊದಿ ಆಫ್‌ಸೈಡ್ ಅಂದರು. ಗೋಲು ಇಲ್ಲ.

ಜನ ಮೈದಾನಕ್ಕೆ ಇಳಿದರು. ರೆಫರಿಯ ಸುತ್ತ ಮೂವತ್ತು ಜನ. ಅವರು ನಿವೃತ್ತ ಪಿಟಿ ಮೇಷ್ಟ್ರು, ಪಕ್ಕದ ತಾಲ್ಲೂಕಿನಿಂದ ಬೆಳಗಿನ ಬಸ್ಸಿಗೆ ಬಂದಿದ್ದವರು. "ದುಡ್ಡು ತಗೊಂಡಿದ್ದೀರಾ ಮೇಷ್ಟ್ರೇ?" ಎಂದು ಒಬ್ಬ ಕೂಗಿದ. ಅವರು ಏನೂ ಹೇಳಲಿಲ್ಲ, ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತರು. ಇಪ್ಪತ್ತು ನಿಮಿಷ ಆಟ ನಿಂತಿತು.

ಅವತ್ತಿನಿಂದ ಸುಮಾರು ಜನ ನನ್ನನ್ನು ಕೇಳುತ್ತಿದ್ದಾರೆ. ರೆಫರಿಗಳು ಯಾಕೆ ಹೀಗೆ ತಪ್ಪು ಮಾಡುತ್ತಾರೆ? ಟಿವಿಯಲ್ಲಿ ಬರುವ ದೊಡ್ಡ ಲೀಗುಗಳಲ್ಲೂ ಇದೇ ಗಲಾಟೆ ಯಾಕೆ? ಅವರಿಗೆ ಎಷ್ಟು ಕೊಡುತ್ತಾರೆ, ಯಾರು ಕೊಡುತ್ತಾರೆ? ಮೂರೂ ಒಂದಕ್ಕೊಂದು ಹೆಣೆದುಕೊಂಡ ಪ್ರಶ್ನೆಗಳು. ಬುಡದಿಂದ ನೋಡೋಣ.

ಮೈದಾನದಲ್ಲಿ ಯಾರ ಕೆಲಸ ಏನು

ಫುಟ್‌ಬಾಲ್‌ಗೆ ಇರುವುದು 17 ನಿಯಮ. ಇವನ್ನು ಬರೆಯುವ, ತಿದ್ದುವ ಮಂಡಳಿ ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾಕ್ಕಿಂತ ಹಳೆಯದು, 1886ರಲ್ಲಿ ಶುರುವಾದದ್ದು. ಹೆಸರು ಐಎಫ್‌ಎಬಿ. ಅದರಲ್ಲಿ ಒಟ್ಟು 8 ವೋಟು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗೆ ಒಂದೊಂದು, ಫಿಫಾಕ್ಕೆ ನಾಲ್ಕು. ನಿಯಮ ಬದಲಾಗಬೇಕಾದರೆ 6 ವೋಟು ಬೇಕು.

ಮೈದಾನದ ಒಳಗೆ ಓಡುವವರು ರೆಫರಿ. ಎರಡು ಬದಿಯ ಗೆರೆಯಲ್ಲಿ ಬಾವುಟ ಹಿಡಿದವರು ಸಹಾಯಕ ರೆಫರಿಗಳು, ನಾವು ಲೈನ್ಸ್‌ಮನ್ ಅನ್ನುವವರು. ದೊಡ್ಡ ಪಂದ್ಯಗಳಲ್ಲಿ ಆಟಗಾರರ ಬದಲಾವಣೆ, ಹೆಚ್ಚುವರಿ ನಿಮಿಷಗಳ ಬೋರ್ಡು ನೋಡಿಕೊಳ್ಳಲು ನಾಲ್ಕನೆಯವರು ಇರುತ್ತಾರೆ. ಬಾವುಟ ಎತ್ತುವುದು ಬರೀ ಸಲಹೆ. ತೀರ್ಮಾನ ರೆಫರಿಯದ್ದು, ಅದೇ ಕೊನೆಯ ಮಾತು. ಹಾಗಾಗಿ ಬೈಗುಳವೂ ಅವರ ಪಾಲಿಗೇ.

ಎಚ್ಚರಿಕೆಯ ಹಳದಿ ಕಾರ್ಡು, ಹೊರಗೆ ಕಳಿಸುವ ಕೆಂಪು ಕಾರ್ಡು ಮೊದಲಿಂದ ಇದ್ದವಲ್ಲ. 1966ರ ವಿಶ್ವಕಪ್‌ನ ಇಂಗ್ಲೆಂಡ್–ಅರ್ಜೆಂಟೀನಾ ಪಂದ್ಯದಲ್ಲಿ ರೆಫರಿ ಯಾರಿಗೆ ಎಚ್ಚರಿಕೆ ಕೊಟ್ಟರು, ಯಾರನ್ನು ಹೊರಗೆ ಕಳಿಸಿದರು ಅನ್ನೋದೇ ಭಾಷೆಯ ಗೊಂದಲದಲ್ಲಿ ಸಿಕ್ಕಿಕೊಂಡಿತು. ಆಗ ರೆಫರಿಗಳ ಹೊಣೆ ಹೊತ್ತಿದ್ದ ಕೆನ್ ಆಸ್ಟನ್‌ಗೆ ಟ್ರಾಫಿಕ್ ಸಿಗ್ನಲ್ ನೋಡಿ ಈ ಉಪಾಯ ಹೊಳೆಯಿತು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡು ಬಂತು.

ಕಣ್ಣು ಎಲ್ಲಿ ಎಡವುತ್ತದೆ

ಜಾಸ್ತಿ ಜಗಳ ಆಗುವುದು ಆಫ್‌ಸೈಡ್ ಮೇಲೆ. ಅದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಸಿಟ್ಟು ಇಳಿಯುತ್ತದೆ.

ಸುಲಭವಾಗಿ ಹೇಳುವುದಾದರೆ ಹೀಗೆ. ನನ್ನ ತಂಡದವನು ನನಗೆ ಚೆಂಡು ಒದೆಯುವ ಆ ಕ್ಷಣದಲ್ಲಿ ನಾನು ಎದುರಾಳಿಯ ಅರ್ಧದಲ್ಲಿದ್ದೇನೆ. ಚೆಂಡಿಗಿಂತಲೂ ಮುಂದಿದ್ದೇನೆ, ಎದುರಾಳಿಯ ಕೊನೆಯಿಂದ ಎರಡನೆಯವನಿಗಿಂತಲೂ ಮುಂದಿದ್ದೇನೆ. ಆಗ ನಾನು ಆಫ್‌ಸೈಡ್ ಜಾಗದಲ್ಲಿದ್ದೇನೆ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್, ಹಾಗಾಗಿ ಕೊನೆಯ ಡಿಫೆಂಡರ್‌ನನ್ನು ನೋಡಿದರೆ ಸಾಕು. ಸರಿಸಮ ಇದ್ದರೆ ಆಫ್‌ಸೈಡ್ ಅಲ್ಲ. ಕೈ, ತೋಳು ಲೆಕ್ಕಕ್ಕೆ ಇಲ್ಲ. ಸುಮ್ನೆ ಆ ಜಾಗದಲ್ಲಿ ನಿಂತರೂ ತಪ್ಪಲ್ಲ, ಅಲ್ಲಿಂದ ಆಟದಲ್ಲಿ ಪಾಲ್ಗೊಂಡರೆ ಮಾತ್ರ ತಪ್ಪು.

ಇಲ್ಲಿ "ಆ ಕ್ಷಣ" ಅನ್ನುವುದೇ ಕಷ್ಟ. ಚೆಂಡು ಒದೆಯುವವನು ಮೂವತ್ತು ಮೀಟರ್ ಹಿಂದೆ, ಓಡುವವನು ಮುಂದೆ. ಲೈನ್ಸ್‌ಮನ್ ಎರಡನ್ನೂ ಒಟ್ಟಿಗೆ ನೋಡಬೇಕು. ಆದರೆ ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಬೇಕಲ್ವಾ? ಅದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯಿತು ಅಂದುಕೊಳ್ಳಿ. ಸೆಕೆಂಡಿಗೆ 8 ಮೀಟರ್ ಓಡುವ ಹುಡುಗ ಅಷ್ಟರಲ್ಲಿ 80 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ಡಿಫೆಂಡರ್ ಅದೇ ವೇಗದಲ್ಲಿ ಎದುರು ದಿಕ್ಕಿಗೆ ಓಡುತ್ತಿದ್ದರೆ ಅಂತರ 160 ಸೆಂಟಿಮೀಟರ್. ಒಬ್ಬ ಆಳಿನ ಎತ್ತರದಷ್ಟು ತಪ್ಪು, ಅದೂ ಪ್ರಾಮಾಣಿಕ ಕಣ್ಣಿನಿಂದ.

ಇನ್ನೊಂದು ತೊಂದರೆ ನಿಂತ ಜಾಗದ್ದು. ತೋಟದಲ್ಲಿ ಓಡಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಸಿಲ್ವರ್ ಓಕ್ ಸಾಲಿನ ತುದಿಯಲ್ಲಿ ನಿಂತು ನೋಡಿ, ಮರಗಳೆಲ್ಲ ಒಂದರ ಹಿಂದೆ ಒಂದು ಅಡಗಿ ಒಂದೇ ಮರದಂತೆ ಕಾಣುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಬನ್ನಿ, ಸಾಲು ಬಿಚ್ಚಿಕೊಳ್ಳುತ್ತದೆ, ಹಿಂದಿನ ಮರ ಒಂದು ಬದಿಗೆ ಸರಿದಂತೆ ಕಾಣುತ್ತದೆ. ಮರ ಎಲ್ಲೂ ಹೋಗಿಲ್ಲ, ನೀವು ಸರಿದಿರಿ. ಲೈನ್ಸ್‌ಮನ್ ಕೊನೆಯ ಡಿಫೆಂಡರ್‌ನ ನೇರಕ್ಕೇ ನಿಂತಿರಬೇಕು, ಅವನು ಓಡಿದರೆ ಓಡಬೇಕು. ಎರಡು ಹೆಜ್ಜೆ ಹಿಂದೆ ಬಿದ್ದರೆ ಇಲ್ಲದ ಆಫ್‌ಸೈಡ್ ಕಾಣುತ್ತದೆ, ಇದ್ದದ್ದು ಕಾಣುವುದಿಲ್ಲ.

ಆ ಸೆಮಿಫೈನಲ್‌ನಲ್ಲಿ ನಾನು ನಿಂತಿದ್ದದ್ದು ಅದೇ ಗೆರೆಯ ಪಕ್ಕ. ಬಾವುಟ ಎತ್ತಿದ ಹುಡುಗ ನಾಲ್ಕು ಹೆಜ್ಜೆ ಹಿಂದಿದ್ದ. ಅವನು ಕ್ವಾರ್ಟರ್ ಫೈನಲ್‌ನಲ್ಲಿ ಸೋತ ತಂಡದ ಆಟಗಾರ. "ಸ್ವಲ್ಪ ಹೊತ್ತು ಬಾವುಟ ಹಿಡ್ಕೊ" ಎಂದು ಕರೆದು ನಿಲ್ಲಿಸಿದ್ದರು. ಎಲ್ಲಿ ನಿಲ್ಲಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಮೇಷ್ಟ್ರು ಅವನ ಬಾವುಟ ನಂಬಿದರು. ಬೈಗುಳ ತಿಂದರು.

ಕ್ಯಾಮೆರಾ ಬಂದರೂ ಜಗಳ ನಿಲ್ಲಲಿಲ್ಲ ಯಾಕೆ

2010ರ ವಿಶ್ವಕಪ್‌ನಲ್ಲಿ ಜರ್ಮನಿ ವಿರುದ್ಧ ಇಂಗ್ಲೆಂಡ್‌ನ ಫ್ರಾಂಕ್ ಲ್ಯಾಂಪಾರ್ಡ್ ಹೊಡೆದ ಚೆಂಡು ಮೇಲಿನ ಕಂಬಕ್ಕೆ ಬಡಿದು ಗೆರೆಯ ಒಳಗೆ ಬಿದ್ದು ಹೊರಗೆ ಚಿಮ್ಮಿತು. ಮನೆಯಲ್ಲಿ ಕೂತು ನೋಡಿದವರಿಗೆಲ್ಲ ಗೋಲು ಎಂದು ಕಂಡಿತು. ರೆಫರಿ, ಲೈನ್ಸ್‌ಮನ್ ಇಬ್ಬರಿಗೂ ಕಾಣಲಿಲ್ಲ. ಇಂಥ ತಪ್ಪು ತಡೆಯಲು 2012ರಲ್ಲಿ ಗೋಲ್ ಲೈನ್ ತಂತ್ರಜ್ಞಾನಕ್ಕೆ ಒಪ್ಪಿಗೆ ಸಿಕ್ಕಿತು, 2014ರ ವಿಶ್ವಕಪ್‌ನಲ್ಲಿ ಬಳಕೆಗೆ ಬಂತು. ಚೆಂಡು ಪೂರ್ತಿ ಗೆರೆ ದಾಟಿದರೆ ರೆಫರಿಯ ಕೈಗಡಿಯಾರಕ್ಕೆ ಸೂಚನೆ ಬರುತ್ತದೆ. ಇದರ ಮೇಲೆ ಈಗ ಜಗಳ ಕಡಿಮೆ. ದಾಟಿತು ಅಥವಾ ದಾಟಲಿಲ್ಲ, ನಡುವೆ ಏನೂ ಇಲ್ಲ.

ವಿಎಆರ್ ಬೇರೆ. ಅದು ಯಂತ್ರವಲ್ಲ, ಟಿವಿ ಪರದೆಗಳ ಮುಂದೆ ಕೂತ ಇನ್ನೊಬ್ಬ ರೆಫರಿ. ಪುರುಷರ ವಿಶ್ವಕಪ್‌ಗೆ ಅದು ಬಂದದ್ದು 2018ರಲ್ಲಿ. ಆಗಿನ ನಿಯಮದಂತೆ ನಾಲ್ಕು ವಿಷಯಕ್ಕೆ ಮಾತ್ರ ಅವರು ಬಾಯಿ ಹಾಕಬಹುದಿತ್ತು: ಗೋಲು, ಪೆನಾಲ್ಟಿ, ನೇರ ಕೆಂಪು ಕಾರ್ಡು, ಒಬ್ಬನ ಬದಲು ಇನ್ನೊಬ್ಬನಿಗೆ ಕಾರ್ಡು ಕೊಟ್ಟದ್ದು. ಅದೂ ತಪ್ಪು ಎದ್ದು ಕಾಣುವಂತಿದ್ದರೆ. ಚೆಂಡು ಕೈಗೆ ತಾಗಿದ್ದು ಬೇಕಂತಲೋ ತಾನಾಗಿಯೋ, ತಳ್ಳಿದ್ದು ಜೋರೋ ಮೆಲ್ಲಗೋ ಅನ್ನೋದು ಎಷ್ಟು ಸಲ ರೀಪ್ಲೇ ನೋಡಿದರೂ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತದೆ.

2023ರ ಸೆಪ್ಟೆಂಬರ್ 30ರಂದು ಇಂಗ್ಲೆಂಡ್‌ನ ಕ್ಲಬ್‌ಗಳಾದ ಟಾಟನ್‌ಹ್ಯಾಮ್–ಲಿವರ್‌ಪೂಲ್ ಪಂದ್ಯದಲ್ಲಿ ಆದದ್ದು ಕೇಳಿ. ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಗೋಲು ಹೊಡೆದರು. ಮೈದಾನದಲ್ಲಿ ಆಫ್‌ಸೈಡ್ ಅಂದರು. ವಿಎಆರ್ ಕೋಣೆಯಲ್ಲಿ ಗೆರೆ ಎಳೆದು ನೋಡಿದರು, ಆಫ್‌ಸೈಡ್ ಅಲ್ಲ. ಆದರೆ ಕೋಣೆಯಲ್ಲಿದ್ದವರು ಮೈದಾನದಲ್ಲಿ ಗೋಲು ಎಂದೇ ಕೊಟ್ಟಿದ್ದಾರೆ ಅಂದುಕೊಂಡಿದ್ದರು. "ಪರಿಶೀಲನೆ ಮುಗಿಯಿತು, ಸರಿಯಿದೆ" ಎಂದುಬಿಟ್ಟರು. ಮೈದಾನದವರು ಆಫ್‌ಸೈಡ್ ಸರಿಯಿದೆ ಎಂದು ಕೇಳಿಸಿಕೊಂಡರು. ಆಟ ಮುಂದುವರಿಯಿತು. ಆಟ ಮತ್ತೆ ಶುರುವಾದ ಮೇಲೆ ಹಿಂದಕ್ಕೆ ಹೋಗಲು ನಿಯಮ ಬಿಡುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಕಂಬದ ಮೇಲಿರುವ ಲೈನ್‌ಮನ್‌ಗೆ ಕೆಳಗಿನಿಂದ "ಲೈನ್ ಸರಿಯಿದೆ" ಅಂದರೆ ಹೇಗೆ? ಆಫ್ ಆಗಿದೆ ಅಂತಲೋ, ಕರೆಂಟ್ ಬಂದಿದೆ ಅಂತಲೋ? ಒಂದೇ ಮಾತು, ಎರಡು ಅರ್ಥ. ಕ್ಯಾಮೆರಾ ಸರಿಯಾಗಿಯೇ ಇತ್ತು. ಎಡವಿದ್ದು ಮಾತು.

ಕಂಠೀರವದಲ್ಲಿ ಆ ರಾತ್ರಿ

ನಮ್ಮ ರಾಜ್ಯದಲ್ಲೇ ನಡೆದ ದೊಡ್ಡ ಗಲಾಟೆ 2023ರ ಮಾರ್ಚ್ 3ರದ್ದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಭಾರತದ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್‌ನ ಪ್ಲೇಆಫ್, ಬೆಂಗಳೂರು ಎಫ್‌ಸಿ ಎದುರು ಕೇರಳ ಬ್ಲಾಸ್ಟರ್ಸ್. 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಕೇರಳದವರು ಚೆಂಡಿಗೆ ಅಡ್ಡ ಸಾಲಾಗಿ ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇಟ್ರಿ ಚೆಂಡನ್ನು ಗೋಲಿಗೆ ಕಳಿಸಿಬಿಟ್ಟರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದುಕೊಂಡು ಹೋದರು.

ನಿಯಮ ಏನು ಹೇಳುತ್ತದೆ? ಎದುರಾಳಿಗಳು 9.15 ಮೀಟರ್ ದೂರ ಇರಬೇಕು, ನಿಜ. ಆದರೆ ಅದು ಒದೆಯುವ ತಂಡದ ಹಕ್ಕು. ಅವರಿಗೆ ಬೇಡ ಅನ್ನಿಸಿದರೆ ಬೇಗ ಒದೆಯಬಹುದು, ವಿಶಲ್‌ಗೂ ಕಾಯಬೇಕಿಲ್ಲ. ರೆಫರಿ "ವಿಶಲ್ ಊದುವ ತನಕ ನಿಲ್ಲು" ಎಂದು ಸೂಚನೆ ಕೊಟ್ಟಿದ್ದರೆ ಮಾತ್ರ ಕಾಯಬೇಕು. ಜಗಳವೆಲ್ಲ ಇದ್ದದ್ದು ಅಲ್ಲೇ: ಆ ಸೂಚನೆ ಕೊಟ್ಟಿದ್ದರಾ, ಇಲ್ಲವಾ? ಕೇರಳ ಕೊಟ್ಟ ದೂರನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಳ್ಳಿಹಾಕಿತು. ಕ್ಲಬ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯದ ನಿಷೇಧ ಮತ್ತು 5 ಲಕ್ಷ ದಂಡ ಬಿತ್ತು. ಅವತ್ತು ಐಎಸ್‌ಎಲ್‌ನಲ್ಲಿ ವಿಎಆರ್ ಇರಲಿಲ್ಲ.

ಸಂಬಳ ಹೇಗೆ, ಯಾರಿಂದ

ಈಗ ದುಡ್ಡಿನ ವಿಷಯ. ರೆಫರಿಗೆ ದುಡ್ಡು ಎರಡು ರೀತಿಯಲ್ಲಿ ಬರುತ್ತದೆ. ನಮ್ಮ ಕಡೆ ಕಾಫಿ ಕೊಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ ಇದೆಯಲ್ಲ, ಹಾಗೆ ಪಂದ್ಯದ ಲೆಕ್ಕ ಒಂದು. ಆಡಿಸಿದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಕಾಲು ಉಳುಕಿದರೆ ಆ ತಿಂಗಳು ಏನೂ ಇಲ್ಲ. ಇನ್ನೊಂದು ತೋಟದ ರೈಟರ್‌ಗೆ ಇರುವಂತೆ ತಿಂಗಳ ಸಂಬಳ, ಅದರ ಮೇಲೆ ಪಂದ್ಯದ ಶುಲ್ಕ. ಜಗತ್ತಿನ ಬಹುಪಾಲು ರೆಫರಿಗಳು ಮೊದಲ ಗುಂಪಿನವರು. ವಾರವಿಡೀ ಶಾಲೆಯಲ್ಲೋ ಬ್ಯಾಂಕಿನಲ್ಲೋ ಕೆಲಸ, ಶನಿವಾರ ಭಾನುವಾರ ವಿಶಲ್.

ಇಂಗ್ಲೆಂಡ್‌ನಲ್ಲಿ 2001ರಲ್ಲಿ ಪಿಜಿಎಂಒಎಲ್ ಎಂಬ ಸಂಸ್ಥೆ ಶುರುವಾಗಿ ಮೇಲಿನ ಹಂತದ ರೆಫರಿಗಳು ವೃತ್ತಿಪರರಾದರು. ಅಮೆರಿಕದ ಮೇಜರ್ ಲೀಗ್ ಸಾಕರ್‌ಗೆ 2012ರಲ್ಲಿ ಪಿಆರ್‌ಒ ಎಂಬ ಸಂಸ್ಥೆ ಬಂತು. ಲೀಗ್ ನೇರವಾಗಿ ಸಂಬಳ ಕೊಡದೆ ನಡುವೆ ಒಂದು ಸಂಸ್ಥೆ ಇಡುವುದಕ್ಕೆ ಕಾರಣ ಇದೆ. ಕ್ಲಬ್‌ಗಳ ಕೈಯಿಂದ ನೇರ ದುಡ್ಡು ಬಂದರೆ ಪ್ರತಿ ಪೆನಾಲ್ಟಿಗೂ ಅನುಮಾನ ಅಂಟಿಕೊಳ್ಳುತ್ತದೆ. ಆದರೂ ಆ ಸಂಸ್ಥೆಗಳಿಗೆ ದುಡ್ಡು ಹೋಗುವುದು ಲೀಗ್ ಮತ್ತು ಫುಟ್‌ಬಾಲ್ ಸಂಘಗಳಿಂದಲೇ.

ಮುಷ್ಕರ ಬೇರೆ, ಲಾಕೌಟ್ ಬೇರೆ

ಕೆಲಸಗಾರರು ತಾವಾಗಿ ಬರದಿದ್ದರೆ ಮುಷ್ಕರ. ಕೆಲಸಗಾರರು ಬರಲು ಸಿದ್ಧರಿದ್ದರೂ ಮಾಲೀಕರೇ ಗೇಟು ಹಾಕಿದರೆ ಲಾಕೌಟ್. ರೆಫರಿಗಳ ವಿಷಯದಲ್ಲಿ ಎರಡೂ ನಡೆದಿವೆ.

2024ರ ಫೆಬ್ರುವರಿ. ಮೆಸ್ಸಿ ಆಡುವ ಅಮೆರಿಕದ ಲೀಗ್ ಶುರುವಾಗಬೇಕಿತ್ತು. ರೆಫರಿಗಳ ಹಳೆಯ ಒಪ್ಪಂದ ಜನವರಿಯಲ್ಲೇ ಮುಗಿದಿತ್ತು. ಹೊಸ ಕರಡನ್ನು ರೆಫರಿಗಳ ಸಂಘ ವೋಟಿಗೆ ಹಾಕಿದಾಗ ಹೆಚ್ಚೂಕಡಿಮೆ ಎಲ್ಲರೂ ಬೇಡ ಅಂದರು. ಕೇಳುತ್ತಿದ್ದದ್ದು ಬರೀ ಸಂಬಳವಲ್ಲ. ಪಂದ್ಯಗಳು ಹೆಚ್ಚಿವೆ, ಪ್ರಯಾಣ ಹೆಚ್ಚಿದೆ, ವಿಶ್ರಾಂತಿ ಬೇಕು ಅನ್ನುವುದೂ ಇತ್ತು. ಪಿಆರ್‌ಒ ಲಾಕೌಟ್ ಹೇರಿತು, ಬದಲಿ ರೆಫರಿಗಳನ್ನು ಇಳಿಸಿ ಲೀಗ್ ಶುರುವಾಯಿತು. ಮಾರ್ಚ್ ಕೊನೆಯಲ್ಲಿ ಹೊಸ ಒಪ್ಪಂದವಾಗಿ ಹಳಬರು ಮರಳಿದರು.

ಬದಲಿಯವರನ್ನು ಇಳಿಸಿದರೆ ಏನಾಗಬಹುದು ಎಂದು ಸರಿಯಾಗಿ ತೋರಿಸಿದ್ದು ಅಮೆರಿಕದ ಇನ್ನೊಂದು "ಫುಟ್‌ಬಾಲ್". ಅದು ಬೇರೆಯೇ ಆಟ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಅದರ ಲೀಗ್ ಎನ್‌ಎಫ್‌ಎಲ್. 2012ರಲ್ಲಿ ಅಲ್ಲಿ ಲಾಕೌಟ್ ಆಯಿತು. ಮುಖ್ಯ ತಕರಾರು ಪಿಂಚಣಿಯದು. ನಮ್ಮ ಸರ್ಕಾರಿ ನೌಕರರು ಎನ್‌ಪಿಎಸ್ ಬೇಡ, ಹಳೆ ಪಿಂಚಣಿ ಬೇಕು ಅನ್ನುತ್ತಾರಲ್ಲ, ಹೆಚ್ಚೂಕಡಿಮೆ ಅದೇ. ಇಷ್ಟು ಸಿಗುತ್ತದೆ ಎಂದು ಗೊತ್ತಿರುವ ಪಿಂಚಣಿ ತೆಗೆದು, ಮಾರುಕಟ್ಟೆಯ ಏರಿಳಿತಕ್ಕೆ ಬಿಡುವ ಯೋಜನೆ ತರಲು ಲೀಗ್ ಹೊರಟಿತ್ತು.

ಸೆಪ್ಟೆಂಬರ್ 24ರ ರಾತ್ರಿ ಸಿಯಾಟಲ್ ಮತ್ತು ಗ್ರೀನ್ ಬೇ ನಡುವಿನ ಪಂದ್ಯ, ಕೊನೆಯ ಕ್ಷಣ. ಎಸೆದ ಚೆಂಡಿಗೆ ಎರಡೂ ತಂಡದವರು ಒಟ್ಟಿಗೆ ಹಾರಿದರು, ಚೆಂಡಿನ ಮೇಲೆ ಇಬ್ಬರದೂ ಕೈ. ಪಕ್ಕಪಕ್ಕ ನಿಂತ ಇಬ್ಬರು ಬದಲಿ ಅಧಿಕಾರಿಗಳು ಒಂದೇ ಹೊತ್ತಿಗೆ ಕೈ ಎತ್ತಿದರು. ಒಬ್ಬರ ಸನ್ನೆ ಅಂಕ ಸಿಕ್ಕಿತು ಅಂತ, ಇನ್ನೊಬ್ಬರದು ಬೇರೆ. ಆ ಫೋಟೋ ದೇಶವೆಲ್ಲ ಹಬ್ಬಿತು. ಸಿಯಾಟಲ್ 14–12ರಿಂದ ಗೆದ್ದಿತು ಎಂದು ತೀರ್ಪಾಯಿತು. ಜೂನ್‌ನಿಂದ ಎಳೆದಾಡುತ್ತಿದ್ದ ಮಾತುಕತೆ ಎರಡೇ ದಿನದಲ್ಲಿ ಮುಗಿಯಿತು. ಆಗಿದ್ದವರಿಗೆ ಇನ್ನು ಕೆಲವು ವರ್ಷ ಹಳೆಯ ಪಿಂಚಣಿ, ಆಮೇಲೆ ಹೊಸದು ಎಂಬ ರಾಜಿ. ಮುಂದಿನ ಪಂದ್ಯ ಬಾಲ್ಟಿಮೋರ್‌ನಲ್ಲಿ. ಮರಳಿ ಬಂದ ರೆಫರಿಗಳು ಮೈದಾನಕ್ಕೆ ಕಾಲಿಟ್ಟಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ರೆಫರಿಗಳಿಗೆ ಚಪ್ಪಾಳೆ! ಇನ್ನೆಲ್ಲೂ ನಾನು ಅಂಥದ್ದು ಕೇಳಿಲ್ಲ.

ಸ್ಪೇನ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ ಮಹಿಳಾ ಲೀಗ್ ಮೊದಲ ಸಲ ವೃತ್ತಿಪರವಾಗಿ ಶುರುವಾಗಬೇಕಿತ್ತು. ಆಟಗಾರ್ತಿಯರು ವೃತ್ತಿಪರರಾದರು, ರೆಫರಿಗಳ ಶುಲ್ಕ ಮಾತ್ರ ಹಳೆಯದೇ. ಅವರು ಬರಲಿಲ್ಲ. ಮೊದಲ ಸುತ್ತಿನ ಪಂದ್ಯಗಳೇ ನಡೆಯಲಿಲ್ಲ. ಕೆಲವು ದಿನದಲ್ಲಿ ಶುಲ್ಕ ಏರಿತು.

ಎಲ್ಲ ಮುಷ್ಕರವೂ ದುಡ್ಡಿಗಲ್ಲ. 2010ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡ್‌ನ ರೆಫರಿಗಳು ಒಂದು ವಾರಾಂತ್ಯ ಕೆಲಸ ನಿಲ್ಲಿಸಿದ್ದು ತಮ್ಮ ಪ್ರಾಮಾಣಿಕತೆಯನ್ನೇ ಕ್ಲಬ್‌ಗಳು ಪ್ರಶ್ನಿಸುತ್ತಿವೆ ಎಂದು. ಇಸ್ರೇಲ್, ಮಾಲ್ಟಾ, ಲಕ್ಸೆಂಬರ್ಗ್‌ನಿಂದ ರೆಫರಿಗಳನ್ನು ಕರೆಸಿ ಪಂದ್ಯ ಆಡಿಸಿದರು. 2023ರ ಡಿಸೆಂಬರ್‌ನಲ್ಲಿ ಟರ್ಕಿಯಲ್ಲಿ ಒಂದು ಕ್ಲಬ್‌ನ ಅಧ್ಯಕ್ಷರೇ ಮೈದಾನಕ್ಕೆ ಇಳಿದು ರೆಫರಿ ಹಲಿಲ್ ಉಮುತ್ ಮೆಲೆರ್ ಮುಖಕ್ಕೆ ಗುದ್ದಿದರು. ಇಡೀ ದೇಶದ ಲೀಗ್ ಕೆಲವು ದಿನ ನಿಂತಿತು.

ತಪ್ಪಿಗೂ ಮೋಸಕ್ಕೂ ಇರುವ ದೂರ

"ದುಡ್ಡು ತಗೊಂಡಿದ್ದೀರಾ" ಎಂಬ ಪ್ರಶ್ನೆಗೆ ಬರುತ್ತೇನೆ. ದುಡ್ಡು ತೆಗೆದುಕೊಂಡವರು ಇದ್ದಾರೆ. ಜರ್ಮನಿಯ ರೆಫರಿ ರಾಬರ್ಟ್ ಹೊಯ್ಜರ್ ಬೆಟ್ಟಿಂಗ್ ಗುಂಪಿನಿಂದ 67,000 ಯೂರೋ ಮತ್ತು ಒಂದು ಪ್ಲಾಸ್ಮಾ ಟಿವಿ ಪಡೆದು ಪಂದ್ಯಗಳನ್ನು ತಿರುಚಿದ್ದು 2005ರಲ್ಲಿ ಬಯಲಾಯಿತು. ಜೈಲು ಶಿಕ್ಷೆಯಾಯಿತು. 2025ರ ಅಕ್ಟೋಬರ್‌ನಲ್ಲಿ ಟರ್ಕಿಯ ಫೆಡರೇಷನ್ ತನ್ನ 571 ವೃತ್ತಿಪರ ರೆಫರಿಗಳ ಪೈಕಿ 371 ಜನರಿಗೆ ಬೆಟ್ಟಿಂಗ್ ಖಾತೆ ಇದೆ ಎಂದು ಹೇಳಿತು.

ಆದರೆ ಹೊಯ್ಜರ್ ಸಿಕ್ಕಿಬಿದ್ದದ್ದು ಒಂದು ಬಾವುಟದಿಂದಲ್ಲ. ಜೊತೆಯ ರೆಫರಿಗಳೇ ಅನುಮಾನಪಟ್ಟು ದೂರು ಕೊಟ್ಟರು, ಆಮೇಲೆ ತನಿಖೆ ನಡೆಯಿತು. ಮೋಸ ತಿಳಿಯುವುದು ಹಲವು ಪಂದ್ಯ, ಬೆಟ್ಟಿಂಗ್ ಲೆಕ್ಕ, ದುಡ್ಡಿನ ಜಾಡು ಒಟ್ಟಿಗೆ ನೋಡಿದಾಗ. ಒಂದು ತಪ್ಪು ತೀರ್ಪು ನೋಡಿ ಕಳ್ಳ ಅನ್ನುವುದು ಅನ್ಯಾಯ, ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ನಮ್ಮ ಊರಿನ ಲೆಕ್ಕ

ರೆಫರಿ ಆಗಲು ಏನು ಬೇಕು ಎಂದು ಇಬ್ಬರು ಹುಡುಗರು ಕೇಳಿದ್ದರು. ಮೊದಲು ರಾಜ್ಯ ಸಂಸ್ಥೆಯ ಪರೀಕ್ಷೆ, ಆಮೇಲೆ ರಾಷ್ಟ್ರಮಟ್ಟ, ಅಲ್ಲಿ ಹೆಸರು ಮಾಡಿದರೆ ಫಿಫಾ ಪಟ್ಟಿ. ತಮಿಳುನಾಡಿನ ಕೆ. ಶಂಕರ್ 2002ರ ವಿಶ್ವಕಪ್‌ನಲ್ಲಿ ಸಹಾಯಕ ರೆಫರಿಯಾಗಿದ್ದರು, ಭಾರತ ತಂಡ ಇಂದಿಗೂ ಆಡದ ಮೈದಾನದಲ್ಲಿ ಭಾರತದವರೊಬ್ಬರು ಬಾವುಟ ಹಿಡಿದು ನಿಂತಿದ್ದರು. ನಿಯಮ ಬಾಯಿಪಾಠ ಆದರೆ ಸಾಲದು. ಅಂತರರಾಷ್ಟ್ರೀಯ ಪುರುಷ ರೆಫರಿಗಳ ಪರೀಕ್ಷೆಯಲ್ಲಿ 40 ಮೀಟರನ್ನು 6 ಸೆಕೆಂಡಿನೊಳಗೆ, ಆರು ಸಲ ಓಡಬೇಕು. ಆಮೇಲೆ 75 ಮೀಟರ್ 15 ಸೆಕೆಂಡಿನಲ್ಲಿ, 25 ಮೀಟರ್ ನಡಿಗೆ, ಹೀಗೆ ನಲವತ್ತು ಸಲ. ಒಟ್ಟು 4 ಕಿಲೋಮೀಟರ್.

ಆ ಭಾನುವಾರ ಸಂಜೆ ಮೈದಾನದ ಪಕ್ಕದ ಟೀ ಅಂಗಡಿಯಲ್ಲಿ ಮೇಷ್ಟ್ರು ಕೂತಿದ್ದರು. ಬೂಟಿನ ಮಣ್ಣು ಕಡ್ಡಿಯಿಂದ ಕೆರೆದು, ಹಳೆ ಪೇಪರಿನಲ್ಲಿ ಸುತ್ತಿದರು. ಆಮೇಲೆ ಕವರ್ ತೆಗೆದು ಎಣಿಸಿದರು, ಇನ್ನೊಮ್ಮೆ ಎಣಿಸಿದರು. ನಾಲ್ಕು ಪಂದ್ಯಕ್ಕೆ 1,500 ರೂಪಾಯಿ ಎಂದು ಮಾತಾಗಿತ್ತಂತೆ. ಒಳಗೆ 800 ಇತ್ತು. ಮೈಕ್ ಸೆಟ್ಟಿಗೆ, ಶಾಮಿಯಾನಕ್ಕೆ, ಟ್ರೋಫಿಗೆ ಮೊದಲೇ ಅಡ್ವಾನ್ಸ್ ಹೋಗಿರುತ್ತದೆ. ರೆಫರಿಗೆ ಎಲ್ಲ ಮುಗಿದ ಮೇಲೆ ಉಳಿದದ್ದು. ಇದು ಆ ಟೂರ್ನಿಯೊಂದರ ಕಥೆಯಲ್ಲ, ನಾನು ನೋಡಿದ ಎಷ್ಟೋ ಕಡೆ ಹೀಗೇ.

ಕಳೆದ ವಾರ ಅವರಿಗೆ ಫೋನ್ ಮಾಡಿದ್ದೆ. ಬಾಕಿ ಇನ್ನೂ ಬಂದಿಲ್ಲ. ಜನವರಿಯಲ್ಲಿ ಇನ್ನೊಂದು ಟೂರ್ನಿಗೆ ಕರೆದಿದ್ದಾರಂತೆ. ಹೋಗ್ತೀರಾ ಅಂದೆ. "ಹೋಗ್ತೀನಿ. ಆದ್ರೆ ಈ ಸಲ ಬಾವುಟ ಹಿಡಿಯೋಕೆ ಕಲಿತಿರೋ ಇಬ್ಬರನ್ನ ನಾನೇ ಕರ್ಕೊಂಡು ಬರ್ತೀನಿ, ಅವರಿಗೂ ಬಸ್ ಚಾರ್ಜ್ ಕೊಡಿ ಅಂತ ಕೇಳಿದೀನಿ" ಅಂದರು. ಸಮಿತಿಯವರು ಏನು ಹೇಳಿದರು ಎಂದು ಕೇಳಿದೆ. ನೋಡಿ ಹೇಳ್ತೀವಿ ಅಂದಿದ್ದಾರಂತೆ.